ತೋಟದ ಹವಾಮಾನ ಯಂತ್ರಕ್ಕೆ ಸಂಪರ್ಕ ಜೋಡಣೆ

ದ್ರಾಕ್ಷಿ, ದಾಳಿಂಬೆ ಬೆಳೆಯುವ ಅನೇಕ ರೈತರು ಈಗ ತೋಟದಲ್ಲಿಯೇ ಸ್ವಯಂಚಾಲಿತ ಹವಾಮಾನ ಯಂತ್ರವನ್ನು ಇಟ್ಟುಕೊಂಡಿದ್ದಾರೆ. ಮಳೆ, ಉಷ್ಣಾಂಶ, ಎಲೆಯ ಮೇಲಿನ ತೇವ ಇವನ್ನು ಅಳೆದು ಸಿಮ್ ಕಾರ್ಡಿನ ಮೂಲಕ ಕಳುಹಿಸುವುದು ಇದರ ಕೆಲಸ. ಅಳೆಯುವುದು ಬೇರೆ, ಕಳುಹಿಸುವುದು ಬೇರೆ ಎಂಬುದನ್ನು ಮಾತ್ರ ಬಹಳ ಮಂದಿ ಗಮನಿಸುವುದಿಲ್ಲ.

ವಿಜಯಪುರ ಜಿಲ್ಲೆಯ ಬೆಳೆಗಾರರೊಬ್ಬರು ಅಕ್ಟೋಬರ್ ಚಾಟನಿಯ ನಂತರ ಯಂತ್ರದ ಸಿಮ್ ಬದಲಾಯಿಸಿದರು. ದೀಪ ಮಿನುಗುತ್ತಿತ್ತು, ಫೋನಿನಲ್ಲಿ ಅಂಕಿಯೂ ಕಾಣುತ್ತಿತ್ತು. ಅದು ವಾರದ ಹಿಂದಿನ ಅಂಕಿ! ಎಲೆ ಒಣಗಿದೆಯೆಂದು ನಂಬಿ ಅವರು ಸಿಂಪರಣೆ ಮುಂದೂಡಿದರು. ಬೂಜು ತುಪ್ಪಟ ರೋಗ ಬಂದಿತು. ನಾನು ಯಂತ್ರದ ನೆನಪಿನ ಭಾಗವನ್ನು ತೆರೆದು ನೋಡಿದಾಗ ಎರಡು ರಾತ್ರಿ ಎಲೆ ಪೂರ್ತಿ ತೊಯ್ದಿದ್ದುದು ದಾಖಲಾಗಿತ್ತು. ಕಾರಣ ಇಷ್ಟೇ: ಹೊಸ ಸಿಮ್ ಹಾಕಿದವರು ಎ.ಪಿ.ಎನ್. ಬದಲಾಯಿಸಿರಲಿಲ್ಲ.

ಎ.ಪಿ.ಎನ್. ಎಂದರೆ ಫೋನ್ ಕಂಪನಿಯ ಜಾಲದೊಳಗೆ ಪ್ರವೇಶಿಸುವ ಬಾಗಿಲಿನ ಹೆಸರು. ಸಾಮಾನ್ಯ ಸಿಮ್‌ಗಳಲ್ಲಿ ಜಿಯೊಗೆ 'ಜಿಯೊನೆಟ್', ಬಿ.ಎಸ್.ಎನ್.ಎಲ್.ಗೆ 'ಬಿಎಸ್‌ಎನ್‌ಎಲ್‌ನೆಟ್', ಏರ್‌ಟೆಲ್‌ಗೆ 'ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್'. ಇವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಯಂತ್ರಗಳಿಗೆಂದೇ ಕೊಡುವ ಸಿಮ್‌ನ ಹೆಸರು ಬೇರೆ ಇರುತ್ತದೆ, ಕೊಟ್ಟವರನ್ನೇ ಕೇಳತಕ್ಕದ್ದು.

ಸಿಮ್ ಕೊಳ್ಳುವ ಮೊದಲು ಯಂತ್ರ ಎಷ್ಟು 'ಜಿ'ಯದೆಂದು ಕೇಳಿರಿ. ಜಿಯೊ ಸಂಸ್ಥೆಗೆ 2ಜಿ ಜಾಲವಿಲ್ಲ. ಆದುದರಿಂದ 2ಜಿ ಮಾತ್ರ ಬಲ್ಲ ಹಳೆಯ ಯಂತ್ರದಲ್ಲಿ ಆ ಸಿಮ್ ನಡೆಯುವುದಿಲ್ಲ. ಸಿಮ್‌ಗೆ ಪಿನ್ ಬೀಗವಿದ್ದರೆ ಮೊದಲು ಫೋನಿನಲ್ಲಿ ಹಾಕಿ ಅದನ್ನು ತೆಗೆಯಬೇಕು. ಮೂರು ಬಾರಿ ತಪ್ಪು ಪಿನ್ ಒತ್ತಿದರೆ ಸಿಮ್ ಮುಚ್ಚಿಕೊಳ್ಳುತ್ತದೆ. ಸಂಕೇತದ ಬಲವನ್ನು ಅನೇಕ ಯಂತ್ರಗಳು 0ಯಿಂದ 31ರವರೆಗೆ ತೋರಿಸುತ್ತವೆ. 10ಕ್ಕಿಂತ ಕಡಿಮೆಯಿದ್ದರೆ ಆಂಟೆನಾವನ್ನು ಚಪ್ಪರಕ್ಕಿಂತ ಮೇಲಕ್ಕೆ ಏರಿಸಿರಿ. 99 ಎಂದು ಬಂದರೆ ಸಂಕೇತ ಚೆನ್ನಾಗಿದೆಯೆಂದಲ್ಲ, ಬಲ ತಿಳಿಯುತ್ತಿಲ್ಲವೆಂದು ಅರ್ಥ.

ಗಡಿಯಾರದ ವಿಷಯದಲ್ಲಿ ನಾನೇ ಎಡವಿದ್ದೇನೆ. ನಮ್ಮ ಪ್ರಯೋಗ ತಾಕಿನ ಯಂತ್ರ ಗ್ರೀನಿಚ್ ವೇಳೆಯಲ್ಲಿತ್ತು. ನಮ್ಮ ವೇಳೆ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ನಮ್ಮ ಯಂತ್ರವನ್ನೂ 8.30ಕ್ಕೇ ಲೆಕ್ಕ ಮುಗಿಸುವಂತೆ ಇಟ್ಟಿದ್ದೆವು, ಆದರೆ ಅದರ 8.30 ನಮಗೆ ಮಧ್ಯಾಹ್ನ 2 ಗಂಟೆ. ಹೀಗಾಗಿ ಬೆಳಿಗ್ಗೆ 10ರ ಮಳೆ ಒಂದು ದಿನ ಹಿಂದಿನ ಲೆಕ್ಕಕ್ಕೆ ಸೇರುತ್ತಿತ್ತು. ಒಂದು ತಿಂಗಳ ಅಂಕಿಗಳನ್ನು ಕುಳಿತು ತಿದ್ದಬೇಕಾಯಿತು.

ಅಂಕಿಗಳನ್ನು ಸ್ವೀಕರಿಸುವ ಗಣಕದ ವಿಳಾಸ, ಪೋರ್ಟ್ ಸಂಖ್ಯೆಗಳನ್ನು ಮಾರಾಟಗಾರರು ಬರೆದುಕೊಟ್ಟಂತೆಯೇ ತುಂಬಿದರೆ ಸಾಕು. ಕಳುಹಿಸುವಾಗ ವಿದ್ಯುತ್ ಹೆಚ್ಚು ಖರ್ಚಾಗುತ್ತದೆ. ಮೋಡ ಕವಿದ ದಿನಗಳಲ್ಲಿ ಸೌರಫಲಕ ಸೋಲುವುದರಿಂದ 15 ನಿಮಿಷಕ್ಕೊಮ್ಮೆ ಅಳೆದು ಗಂಟೆಗೊಮ್ಮೆ ಕಳುಹಿಸುವಂತೆ ಇಡುವುದು ಉತ್ತಮ.

ಜೋಡಣೆ ಮುಗಿದ ಮೇಲೆ ಪರೀಕ್ಷಿಸದೆ ತೋಟ ಬಿಡಬೇಡಿ. ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್ ಇದ್ದರೆ 100 ಮಿಲಿಲೀಟರ್ ನೀರನ್ನು ಹತ್ತು ನಿಮಿಷ ನಿಧಾನವಾಗಿ ಹನಿಸಿರಿ. ಸುಮಾರು 5 ಮಿಲಿಮೀಟರ್ ತೋರಿಸಬೇಕು. ಮುಂದಿನ ರವಾನೆಯ ಹೊತ್ತಿಗೆ ಆ ಅಂಕಿ, ಆ ದಿನದ ವೇಳೆಯೊಂದಿಗೆ, ಫೋನಿಗೆ ಬಂದಿದೆಯೇ ನೋಡಿರಿ. ಆ 5 ಮಿಲಿಮೀಟರ್ ಮಳೆಯಲ್ಲವೆಂದು ತೋಟದ ಪುಸ್ತಕದಲ್ಲಿ ಅಂದೇ ಬರೆದಿಡಿ.