ಮೈಕಿನ ಆಟೊ, ಕೂಗದ ಕುಕ್ಕರ್

ನಾನು ತುಮಕೂರು ಜಿಲ್ಲೆಯ ಹೈಸ್ಕೂಲ್ ಮೇಷ್ಟ್ರು. ಐದು ಚುನಾವಣೆಗಳಲ್ಲಿ ಮತಗಟ್ಟೆ ಡ್ಯೂಟಿ ಮಾಡಿದ್ದೇನೆ. ಗದ್ದಲದಲ್ಲಿ ತಲೆ ಕೆಡಿಸಿಕೊಳ್ಳದೆ ಇರಲು ಕಲಿತದ್ದು ಇಷ್ಟು.

1. ಮನೆಯವರ ವಾಟ್ಸಾಪ್ ಗ್ರೂಪ್ ಬಿಡಬೇಡಿ, ಮ್ಯೂಟ್ ಮಾಡಿ. 2018ರಲ್ಲಿ ನಾನು ಸಿಟ್ಟಿನಿಂದ ಹೊರಬಂದೆ. ಅಲ್ಲಿವರೆಗೆ ಪಕ್ಷದ ಜಗಳವಾಡುತ್ತಿದ್ದ ಭಾವನೂ ಸೋದರಳಿಯನೂ ಒಂದಾಗಿ ನನ್ನ ವಿಷಯ ಹಿಡಿದುಕೊಂಡರು. ಗೌರಿ ಹಬ್ಬ ಬಂದರೂ ಅದೇ ಮಾತು.

2. ಮೈಕಿನ ಆಟೊ ಬಂದರೆ ಆಟೊದವನ ಜೊತೆಗೇ ಮಾತಾಡಿ. 2024ರ ಏಪ್ರಿಲ್ 18, 19ಕ್ಕೆ ಮಗಳ ಸಿಇಟಿ, 26ಕ್ಕೆ ಮತದಾನ. ಒಂದೇ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಒಂಬತ್ತು ಸುತ್ತು! ಪಕ್ಷದ ಕಚೇರಿಗೆ ಫೋನ್ ಮಾಡಿದ್ದು ದಂಡ. ಕೊನೆಗೆ ಆಟೊ ನಿಲ್ಲಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕೇಳಿದೆ. "ಮೊದ್ಲೇ ಹೇಳ್ಬಾರ್ದಾ ಸಾರ್, ನಂಗೂ ತಲೆನೋವೇ" ಅಂದ. ಆಮೇಲೆ ನಮ್ಮ ತಿರುವಿನಲ್ಲಿ ಸೌಂಡು ತಾನಾಗಿ ಇಳಿಯುತ್ತಿತ್ತು. ರಾತ್ರಿ ಮಾತ್ರ ಈ ದಾಕ್ಷಿಣ್ಯ ಬೇಡ. ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ಚುನಾವಣಾ ಆಯೋಗದ ಸಿ-ವಿಜಿಲ್ ಆಪ್‌ನಲ್ಲೇ ವಿಡಿಯೊ ತೆಗೆದು ಕಳಿಸಿ, ಹೆಸರು ಹೇಳಬೇಕಾಗಿಲ್ಲ. 100 ನಿಮಿಷದೊಳಗೆ ಕ್ರಮ ಅನ್ನುವುದು ಆಯೋಗದ ಮಾತು.

3. ವೋಟಿಗಾಗಿ ಮನೆ ಬಾಗಿಲಿಗೆ ಬಂದ ಕುಕ್ಕರ್ ಮುಟ್ಟಬೇಡಿ. ಕಾನೂನಿನಲ್ಲಿ ಕೊಟ್ಟವನಷ್ಟೇ ಅಲ್ಲ, ತೆಗೆದುಕೊಂಡವನೂ ಅಪರಾಧಿ. ಎದುರುಮನೆಯಾಕೆ ತೆಗೆದುಕೊಂಡದ್ದು ಒಂದು ದಿನವೂ ವಿಷಲ್ ಹೊಡೆಯಲಿಲ್ಲ. ದೂರು ಕೊಡುವುದಾದರೂ ಯಾರಿಗೆ?

4. ಟೀ ಅಂಗಡಿಯಲ್ಲಿ ಬಾಜಿ ಕಟ್ಟಬೇಡಿ. ಕಾರಣ ಕೇಳಬೇಡಿ.

5. ಮತದಾನ ಮುಗಿಯುವ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲುತ್ತದೆ. ಆ ಸಂಜೆ ನನ್ನಾಕೆ ಅಭ್ಯರ್ಥಿಗಳ ಪ್ರಮಾಣಪತ್ರ ಜೋರಾಗಿ ಓದುತ್ತಾಳೆ. ಆಸ್ತಿ, ಸಾಲ, ಕೇಸು, ವಿದ್ಯೆ ಎಲ್ಲ ಆಯೋಗದ ಜಾಲತಾಣದಲ್ಲಿ ಸಿಗುತ್ತವೆ. ತಿಂಗಳುಗಟ್ಟಲೆ ಭಾಷಣ ಮಾಡಿದವರು ಬಾಯಿಬಿಡದ ಸಂಗತಿ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

6. ಇಡೀ ಸೀಸನ್ನಿನಲ್ಲಿ ನೆಮ್ಮದಿಯ ಜಾಗ ಮತಗಟ್ಟೆಯೇ. ಸುತ್ತ 100 ಮೀಟರ್ ಪ್ರಚಾರ ಮಾಡುವಂತಿಲ್ಲ. ಬೆಳಗ್ಗೆ ಕನಿಷ್ಠ 50 ವೋಟಿನ ಅಣಕು ಮತದಾನ ಮುಗಿದರೆ ಆಮೇಲೆ ದಿನವಿಡೀ ಕೇಳುವುದು ಯಂತ್ರದ ಬೀಪ್ ಮಾತ್ರ.

7. ನಿಜವಾದ ಗಲಾಟೆ ಶುರುವಾಗುವುದು ಆಮೇಲೆ. 2024ರಲ್ಲಿ ನಮ್ಮ ವೋಟಿಗೂ ಜೂನ್ 4ರ ಎಣಿಕೆಗೂ ನಡುವೆ 39 ದಿನ. ಟೀವಿಯಲ್ಲಿ ಯಾರು ಗೆಲ್ಲುತ್ತಾರೆಂಬ ಚರ್ಚೆಯೋ ಚರ್ಚೆ. ನಮ್ಮನೆಯಲ್ಲಿ ನ್ಯೂಸ್ ಚಾನೆಲ್ ಬಂದ್ ಮಾಡಿ ಐಪಿಎಲ್ ಹಾಕಿಕೊಂಡೆವು. ಆರ್‌ಸಿಬಿ ಎಲಿಮಿನೇಟರ್‌ನಲ್ಲಿ ಸೋತಿತು, ಅದು ಬೇರೆ ಮಾತು.