ಸ್ತನ ಪುನರ್ರಚನೆ: ಕ್ಯಾನ್ಸರ್ ನಂತರದ ಶಸ್ತ್ರಚಿಕಿತ್ಸೆ ಮತ್ತು ಕಾನೂನಿನ ಹಕ್ಕುಗಳು

ಕ್ಯಾನ್ಸರ್ ಕಾರಣಕ್ಕೆ ಸ್ತನ ತೆಗೆದ ಮೇಲೆ ಆ ಜಾಗದಲ್ಲಿ ಮತ್ತೆ ಸ್ತನದ ಆಕಾರ ರೂಪಿಸುವ ಶಸ್ತ್ರಚಿಕಿತ್ಸೆಯೇ ಸ್ತನ ಪುನರ್ರಚನೆ. ಸ್ತನ ತೆಗೆಯುವಾಗಲೇ ಇದನ್ನು ಮಾಡಬಹುದು, ವರ್ಷಗಳು ಕಳೆದ ಮೇಲೂ ಮಾಡಬಹುದು. ರೇಡಿಯೇಷನ್ ಆದವರಲ್ಲಿ ಇದು ಸಾಮಾನ್ಯವಾಗಿ ತಡವಾಗುತ್ತದೆ. ವಿಕಿರಣ ತಗುಲಿದ ಚರ್ಮ ಬಿಗಿಯಾಗುತ್ತದೆ, ಅಲ್ಲಿ ರಕ್ತಸಂಚಾರ ಕುಗ್ಗುತ್ತದೆ. ಹೀಗಾಗಿ ವೈದ್ಯರು ಹಲವು ತಿಂಗಳು ಕಾಯಿಸುತ್ತಾರೆ. ಅಂಥ ಚರ್ಮದ ಕೆಳಗೆ ಸಿಲಿಕೋನ್ ಇಂಪ್ಲಾಂಟ್ ಇಟ್ಟರೆ ಸೋಂಕಾಗುವ, ಸುತ್ತಲಿನ ಪೊರೆ ಗಟ್ಟಿಯಾಗುವ, ಇಂಪ್ಲಾಂಟನ್ನೇ ತೆಗೆಯಬೇಕಾಗಿ ಬರುವ ಅಪಾಯ ಹೆಚ್ಚು. ಆದ್ದರಿಂದ ಹೊಟ್ಟೆಯ ಅಥವಾ ಬೆನ್ನಿನ ಅಂಗಾಂಶವನ್ನೇ ತಂದು ಜೋಡಿಸುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆಯನ್ನು ಹೆಚ್ಚಾಗಿ ಸೂಚಿಸುತ್ತಾರೆ. ಇದು ಗಂಟೆಗಟ್ಟಲೆ ನಡೆಯುವ, ದುಬಾರಿಯಾದ, ಹಲವು ಹಂತಗಳ ಚಿಕಿತ್ಸೆ. ಕಾನೂನಿನ ತೊಡಕು ಹುಟ್ಟುವುದೂ ಇಲ್ಲಿಯೇ: ಕ್ಯಾನ್ಸರ್ ಬಿಲ್ ಒಂದು ವರ್ಷದ್ದು, ಪುನರ್ರಚನೆಯ ಬಿಲ್ ಇನ್ನೊಂದು ವರ್ಷದ್ದು. ಎರಡನೆಯದನ್ನು ಮಾತ್ರ ನೋಡಿದ ವಿಮಾ ಕಂಪನಿಗೆ ಅದು ‘ಅಂದ ಹೆಚ್ಚಿಸುವ’ ಸರ್ಜರಿಯಂತೆ ಕಾಣುತ್ತದೆ.

ಅಮೆರಿಕದಲ್ಲಿ 1998ರಿಂದ ಇದಕ್ಕೆಂದೇ ಕಾಯ್ದೆಯಿದೆ. ಸ್ತನ ತೆಗೆಯುವುದಕ್ಕೆ ಹಣ ಕೊಡುವ ವಿಮೆ ಪುನರ್ರಚನೆಯ ಎಲ್ಲ ಹಂತಗಳಿಗೂ, ಎರಡು ಸ್ತನಗಳನ್ನು ಸರಿಸಮ ಮಾಡುವ ಶಸ್ತ್ರಚಿಕಿತ್ಸೆಗೂ ಕೊಡಬೇಕೆಂದು ಅದು ಹೇಳುತ್ತದೆ. ಭಾರತದಲ್ಲಿ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ. ಇಲ್ಲಿನ ಹಕ್ಕುಗಳು ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ನಿಯಮ, ವೈದ್ಯರ ನಡತೆಯ ನಿಯಮಾವಳಿ, ಗ್ರಾಹಕ ಕಾಯ್ದೆ, ನ್ಯಾಯಾಲಯದ ತೀರ್ಪುಗಳಲ್ಲಿ ಹಂಚಿಹೋಗಿವೆ.

ಇವುಗಳಲ್ಲಿ ಮೊದಲು ಓದಬೇಕಾದದ್ದು ವಿಮಾ ಪಾಲಿಸಿಯ ‘ಎಕ್ಸ್‌ಕ್ಲೂಷನ್ 08’. ಪಾಲಿಸಿಗಳಿಂದ ಏನನ್ನು ಹೊರಗಿಡಬಹುದೆಂಬುದಕ್ಕೆ ಐಆರ್‌ಡಿಎಐ 2019ರಲ್ಲಿ ಏಕರೂಪದ ಪಠ್ಯ ನಿಗದಿ ಮಾಡಿತು. ಅದರ ಎಂಟನೇ ಕೋಡ್ ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯ ಖರ್ಚನ್ನು ಹೊರಗಿಡುತ್ತದೆ. ಆದರೆ ಅಪಘಾತ, ಸುಟ್ಟ ಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ರಚನೆಗೆ ಅದೇ ವಾಕ್ಯದಲ್ಲಿ ವಿನಾಯಿತಿ ಕೊಡುತ್ತದೆ. ಏಜೆಂಟರು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನವರು ಈ ವಾಕ್ಯದ ಮೊದಲರ್ಧ ಮಾತ್ರ ಹೇಳಿ ಮುಗಿಸುವುದುಂಟು. ಪಾಲಿಸಿ ಪುಸ್ತಿಕೆಯ ಆ ಪುಟದ ಪ್ರತಿಯನ್ನು ಕ್ಲೇಮ್ ಅರ್ಜಿಗೆ ಲಗತ್ತಿಸುವುದು ಒಳ್ಳೆಯದು.

ವೈದ್ಯಕೀಯ ಅಗತ್ಯವನ್ನು ಚಿಕಿತ್ಸೆ ಕೊಡುವ ವೈದ್ಯರೇ ಪ್ರಮಾಣೀಕರಿಸಬೇಕೆಂಬ ಮಾತೂ ಅದೇ ಕಲಮಿನಲ್ಲಿದೆ. ಹಾಗಾಗಿ ಪ್ರಮಾಣಪತ್ರದಲ್ಲಿ ‘ಪ್ಲಾಸ್ಟಿಕ್ ಸರ್ಜರಿಗೆ ದಾಖಲು’ ಎಂದಷ್ಟೇ ಇದ್ದರೆ ಸಾಲದು. ಯಾವ ಸ್ತನದಲ್ಲಿ ಕ್ಯಾನ್ಸರ್ ಇತ್ತು, ಯಾವ ದಿನಾಂಕದಂದು ಮ್ಯಾಸ್ಟೆಕ್ಟಮಿ (ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ) ಆಯಿತು, ರೇಡಿಯೇಷನ್ ಯಾವಾಗ ಮುಗಿಯಿತು, ಪುನರ್ರಚನೆಗೆ ಇಷ್ಟು ಕಾಲ ಕಾದದ್ದು ಏಕೆ, ಮುಂದೆ ಇನ್ನೆಷ್ಟು ಹಂತಗಳಿವೆ ಎಂಬುದೆಲ್ಲ ಅದರಲ್ಲಿ ಬರಬೇಕು. ಬಯಾಪ್ಸಿ ವರದಿ, ಹಳೆಯ ಡಿಸ್ಚಾರ್ಜ್ ಸಮ್ಮರಿ, ರೇಡಿಯೇಷನ್ ಚಾರ್ಟ್ ಜೊತೆಗಿರಬೇಕು. ಹಳೆಯ ದಾಖಲೆ ಕೈಯಲ್ಲಿಲ್ಲದಿದ್ದರೆ ಆಸ್ಪತ್ರೆಯಿಂದ ಕೇಳಿ ಪಡೆಯಬಹುದು. 2002ರ ವೈದ್ಯಕೀಯ ನಡತೆ ನಿಯಮಾವಳಿಯಂತೆ ರೋಗಿ ಕೇಳಿದ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ಆದರೆ ಒಳರೋಗಿಗಳ ದಾಖಲೆಯನ್ನು ಇಟ್ಟುಕೊಳ್ಳಬೇಕೆಂದು ಅದೇ ನಿಯಮಾವಳಿ ಹೇಳುವುದು ಮೂರು ವರ್ಷ ಮಾತ್ರ. ಪುನರ್ರಚನೆಯನ್ನು ಮುಂದೂಡುವವರು ಕ್ಯಾನ್ಸರ್ ಚಿಕಿತ್ಸೆ ಮುಗಿದಾಗಲೇ ಪೂರ್ತಿ ಫೈಲಿನ ಪ್ರತಿ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಎಲ್ಲ ಖರ್ಚೂ ಇಷ್ಟು ಸುಲಭವಾಗಿ ದಾಟುವುದಿಲ್ಲ. ಸರಿಸಮ ಮಾಡಲು ಆರೋಗ್ಯವಂತ ಸ್ತನಕ್ಕೆ ಮಾಡುವ ಶಸ್ತ್ರಚಿಕಿತ್ಸೆ ತಕರಾರಿನ ವಿಷಯ. ಅದು ಪುನರ್ರಚನೆಯ ಭಾಗವೇ ಎಂದು ವಾದಿಸಲು ನೆಲೆಯಿದೆ, ಆದರೆ ಕಲಮಿನಲ್ಲಿ ಸ್ಪಷ್ಟ ಮಾತಿಲ್ಲ. ಅಂಥದ್ದಕ್ಕೆ ಮುಂಚಿತವಾಗಿಯೇ ಲಿಖಿತ ಅನುಮತಿ ಕೇಳಬೇಕು. ಕ್ಯಾನ್ಸರ್ ಬಂದ ಮೇಲೆ ಹೊಸ ಪಾಲಿಸಿ ಮಾಡಿಸಿದವರಿಗೆ ‘ಮೊದಲೇ ಇದ್ದ ಕಾಯಿಲೆ’ಯ ಕಾಯುವ ಅವಧಿ ಅಡ್ಡ ಬರುತ್ತದೆ, 2024ರ ನಿಯಮದಂತೆ ಅದು 36 ತಿಂಗಳು ಮೀರುವಂತಿಲ್ಲ. ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಕ್ಲೇಮ್ ಬೀಳುತ್ತದೆ, ಪಾಲಿಸಿಯೂ ರದ್ದಾಗಬಹುದು. ಆದರೆ ಪಾಲಿಸಿ ಬಿಡದೆ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು, ವಿಷಯ ತಿಳಿಸಿರಲಿಲ್ಲವೆಂಬ ನೆಪದಲ್ಲಿ ಕಂಪನಿ ಕ್ಲೇಮ್ ಪ್ರಶ್ನಿಸುವಂತಿಲ್ಲ. ಹಿಂದಿನ ವರ್ಷ ದೊಡ್ಡ ಕ್ಲೇಮ್ ಆಯಿತೆಂದು ನವೀಕರಣ ನಿರಾಕರಿಸುವಂತೆಯೂ ಇಲ್ಲ. ಪುನರ್ರಚನೆ ಬಾಕಿ ಇರುವಾಗ ಕಂತು ತಪ್ಪಿಸುವುದರಷ್ಟು ದುಬಾರಿ ತಪ್ಪು ಮತ್ತೊಂದಿಲ್ಲ.

ಖಾಸಗಿ ವಿಮೆಯಿಲ್ಲದ ಬಿಪಿಎಲ್ ಕುಟುಂಬಗಳಿಗೆ ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಇಲ್ಲಿ ಹಣ ಸಿಗುವುದು ಪ್ಯಾಕೇಜಿನ ಲೆಕ್ಕದಲ್ಲಿ. ವೈದ್ಯರು ಹೇಳಿದ ಫ್ಲ್ಯಾಪ್ ವಿಧಾನ ಯಾವ ಪ್ಯಾಕೇಜ್ ಕೋಡಿನಡಿ ಬರುತ್ತದೆಂದು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ದಾಖಲಾಗುವ ಮೊದಲೇ ವಿಚಾರಿಸಬೇಕು. ಇಎಸ್‌ಐ ವ್ಯಾಪ್ತಿಯ ಗಾರ್ಮೆಂಟ್ಸ್, ಕಾರ್ಖಾನೆ ಕೆಲಸಗಾರ್ತಿಯರಿಗೆ ಚಿಕಿತ್ಸೆಯ ಜೊತೆಗೆ ಇನ್ನೊಂದು ಸೌಲಭ್ಯವಿದೆ. ಕ್ಯಾನ್ಸರ್ ‘ವಿಸ್ತೃತ ಅನಾರೋಗ್ಯ ಭತ್ಯೆ’ಯ ಪಟ್ಟಿಯಲ್ಲಿರುವ ಕಾಯಿಲೆ; ಸೇವಾವಧಿ ಮತ್ತು ವಂತಿಗೆಯ ಷರತ್ತು ಪೂರೈಸಿದವರಿಗೆ ರಜೆಯ ಅವಧಿಗೆ ಕೂಲಿಯ ಶೇ. 80ರಷ್ಟು ಸಿಗುತ್ತದೆ.

ಹಣದಷ್ಟೇ ತೂಕದ ವಿಷಯ ಒಪ್ಪಿಗೆ. ಆಸ್ಪತ್ರೆಗಳಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಒಪ್ಪಿಗೆ ಪತ್ರಕ್ಕೆ ಗಂಡನೋ ಮಗನೋ ಕಾರಿಡಾರಿನಲ್ಲೇ ಸಹಿ ಹಾಕಿಕೊಡುವುದು ರೂಢಿ. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಈ ರೂಢಿಗೆ ಪೆಟ್ಟು ಕೊಟ್ಟಿದೆ. ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ ಮಹಿಳೆಯ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದ ಪ್ರಕರಣವದು. ಪ್ರಾಪ್ತ ವಯಸ್ಸಿನ, ಬುದ್ಧಿ ಸ್ವಾಧೀನವಿರುವ ರೋಗಿಯ ಪರವಾಗಿ, ಜೀವಕ್ಕೆ ತುರ್ತು ಅಪಾಯವಿಲ್ಲದಾಗ, ಬೇರೆಯವರು ಒಪ್ಪಿಗೆ ಕೊಡಲಾಗದು ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು, ಮುಖ್ಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇವನ್ನು ರೋಗಿಗೆ ಮೊದಲೇ ತಿಳಿಸಬೇಕೆಂದೂ ವಿಧಿಸಿತು. ಸ್ತನ ಪುನರ್ರಚನೆಗೆ ಇದನ್ನು ಅನ್ವಯಿಸಿದರೆ, ಇಂಪ್ಲಾಂಟೋ ಫ್ಲ್ಯಾಪೋ, ಈಗಲೋ ಆಮೇಲೋ, ರೇಡಿಯೇಷನ್‌ನಿಂದ ಅಪಾಯ ಎಷ್ಟು ಹೆಚ್ಚುತ್ತದೆ, ಹೊಟ್ಟೆಯಿಂದ ಅಂಗಾಂಶ ತೆಗೆದರೆ ಅಲ್ಲಿ ಏನಾಗುತ್ತದೆ ಎಂಬುದನ್ನೆಲ್ಲ ಆಕೆಗೆ ತಿಳಿಯುವ ಭಾಷೆಯಲ್ಲಿ ಹೇಳಲೇಬೇಕು. ಪುನರ್ರಚನೆ ಬೇಡವೆನ್ನುವ ಹಕ್ಕೂ ಆಕೆಯದೇ.

ಇಂಪ್ಲಾಂಟ್ ಹಾಕಿಸಿಕೊಂಡವರು ಅದರ ಕಂಪನಿ, ಮಾದರಿ, ಬ್ಯಾಚ್ ಅಥವಾ ಸರಣಿ ಸಂಖ್ಯೆಯ ಸ್ಟಿಕ್ಕರ್ ಕೇಳಿ ಪಡೆಯಬೇಕು. ಅಪರೂಪದ ಒಂದು ಬಗೆಯ ಲಿಂಫೋಮಾಕ್ಕೆ ನಂಟಿದೆಯೆಂದು 2019ರ ಜುಲೈನಲ್ಲಿ ಒರಟು ಮೇಲ್ಮೈಯ ಕೆಲವು ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ತನ್ನೊಳಗಿರುವುದು ಅದೇ ಹೌದೋ ಅಲ್ಲವೋ ಎಂದು ತಿಳಿಯಲು ಆ ಸ್ಟಿಕ್ಕರ್ ಇರಬೇಕಾಗುತ್ತದೆ. ಸಾಧನದಿಂದ ತೊಂದರೆಯಾದರೆ ಕೇಂದ್ರ ಸರ್ಕಾರದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ರೋಗಿಯೇ ನೇರವಾಗಿ 1800-180-3024ರಲ್ಲಿ ತಿಳಿಸಬಹುದು.

ಕ್ಲೇಮ್ ತಿರಸ್ಕೃತವಾದರೆ ಮೊದಲು ಕೇಳಬೇಕಾದದ್ದು ಕಾರಣ ಬರೆದ ಪತ್ರ. ಪಾಲಿಸಿಯ ಯಾವ ಷರತ್ತಿನಡಿ ತಿರಸ್ಕರಿಸಲಾಗಿದೆ ಎಂದು ಕಂಪನಿ ನಿರ್ದಿಷ್ಟವಾಗಿ ತಿಳಿಸಬೇಕು. ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸುವಂತಿಲ್ಲವೆಂದು 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಹೇಳುತ್ತದೆ. ಆ ಪತ್ರಕ್ಕೆ ಉತ್ತರವಾಗಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್ ಅಥವಾ 155255 ಸಂಖ್ಯೆಯ ಮೂಲಕವೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ತೀರ್ಪಿಗೆ ಕಂಪನಿ ಬದ್ಧ, ದೂರುದಾರರು ತೃಪ್ತರಾಗದಿದ್ದರೆ ಬೇರೆ ದಾರಿ ಹಿಡಿಯಬಹುದು.

ಆ ಬೇರೆ ದಾರಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ವಿಮಾ ಕಂಪನಿಯ ಸೇವಾ ನ್ಯೂನತೆ, ಹಣ ಪಡೆದ ಆಸ್ಪತ್ರೆಯ ನಿರ್ಲಕ್ಷ್ಯ ಎರಡೂ ಇಲ್ಲಿ ನಿಲ್ಲುತ್ತವೆ. ಘಟನೆಯಿಂದ ಎರಡು ವರ್ಷದೊಳಗೆ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಖಾಸಗಿ ಆಸ್ಪತ್ರೆಯ ಮೇಲಿನ ದೂರುಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವೂ ಇದೆ. ವಿಮೆ ಮತ್ತು ಆಸ್ಪತ್ರೆ ಸೇವೆಯ ವ್ಯಾಜ್ಯಗಳನ್ನು ಖಾಯಂ ಜನತಾ ನ್ಯಾಯಾಲಯವೂ ಶುಲ್ಕವಿಲ್ಲದೆ ಕೈಗೆತ್ತಿಕೊಳ್ಳುತ್ತದೆ. ರಾಜಿ ಕುದುರದಿದ್ದರೆ ತಾನೇ ತೀರ್ಮಾನಿಸುತ್ತದೆ, ಅದು ಅಂತಿಮ. ಅಲ್ಲಿಗೆ ಅರ್ಜಿ ಹಾಕಿದ ಮೇಲೆ ಅದೇ ವಿಷಯಕ್ಕೆ ಬೇರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲವಾದ್ದರಿಂದ ಮೊದಲೇ ಯೋಚಿಸಬೇಕು. ಯಾವುದು ಸರಿಯೆಂದು ಕೇಳಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ಸಮಿತಿ, 15100 ಸಹಾಯವಾಣಿ ಇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.