ಕಡಲಿಗೆ ಹೊರಟ ನಮ್ಮ ಮಕ್ಕಳು

ಶಾಲಾ ಪ್ರವಾಸದ ಕಾಲ ಬಂತೆಂದರೆ ತಗಡೂರಿನ ಸುತ್ತಮುತ್ತಲ ಮನೆಗಳಲ್ಲಿ ಮಕ್ಕಳದು ಒಂದೇ ಹಟ: ಸಮುದ್ರ ನೋಡಬೇಕು. ತಂದೆತಾಯಿಯರು ಹೇಗೋ ದುಡ್ಡು ಹೊಂದಿಸುತ್ತಾರೆ. ಆರು, ಏಳನೆಯ ತರಗತಿಯ ಮಕ್ಕಳು ರಾತ್ರಿಯಿಡೀ ಬಸ್ಸಿನಲ್ಲಿ ಹಾಡಿ, ಬೆಳಿಗ್ಗೆ ಇಳಿದವರೇ ನೀರಿಗೆ ಓಡುತ್ತಾರೆ. ನೋಡುವುದು ಅಲ್ಲಿಗೆ ಮುಗಿಯುತ್ತದೆ.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಅವರೂ ನಮ್ಮ ಮಕ್ಕಳಂತೆ ಒಳನಾಡಿನವರೇ. ಆಮೇಲೆ, “ಸಮುದ್ರದ ಸಹವಾಸವೇ ಬೇಡ ಫಾದರ್” ಎಂದ ತಾಯಂದಿರಿದ್ದಾರೆ. ಅವರ ಭಯ ಸುಳ್ಳಲ್ಲ. ಆದರೂ ನಾನು ಹೇಳುವುದು, ಕಳುಹಿಸಿ, ಕಲಿಸಿ ಕಳುಹಿಸಿ.

ಪಾಠ ಊರಿನಲ್ಲೇ ಶುರುವಾಗಲಿ. ಅರಬ್ಬಿ ಸಮುದ್ರದಿಂದ ಎದ್ದ ಮುಂಗಾರಿನ ಮೋಡ ವಯನಾಡಿನ ಬೆಟ್ಟಗಳಲ್ಲಿ ಮಳೆಯಾಗುತ್ತದೆ. ಆ ನೀರೇ ಕಪಿಲೆಯಾಗಿ ನಂಜನಗೂಡಿಗೆ ಬಂದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಪಶ್ಚಿಮದ ಕಡಲು ಕೊಟ್ಟದ್ದನ್ನು ಪೂರ್ವದ ಕಡಲಿಗೆ ಒಪ್ಪಿಸುವ ದಾರಿಯಲ್ಲಿ ನಮ್ಮ ಊರುಗಳಿವೆ. ಇದನ್ನು ತಿಳಿದ ಮಗುವಿಗೆ ಮಲ್ಪೆಯ ಅಲೆ ಪರಕೀಯವಾಗಿ ಕಾಣದು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿಗೆ ಬಂದು ಮಾತೆ ಮರಿಯಮ್ಮನವರ ಹೆಸರಿಟ್ಟನೆಂಬ ಪ್ರತೀತಿಯಿದೆ. ಅಲ್ಲಿನ ಕಂಬದಂತಹ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಲಾವಾರಸ ತಣ್ಣಗಾಗಿ ಮೂಡಿದವು. ಆದಿಕಾಂಡದ ಆರು ದಿನಗಳ ಬಗ್ಗೆ ಮಕ್ಕಳು ಅಲ್ಲೇ ಪ್ರಶ್ನೆ ಕೇಳುತ್ತಾರೆ. ಗದರಿಸಬೇಡಿ. ಸೃಷ್ಟಿಕರ್ತನಿಗೆ ಅವಸರವಿಲ್ಲವೆಂದು ನಾನು ಉತ್ತರಿಸುತ್ತೇನೆ.

ಬಂಡೆಯ ಜೀವಿಗಳನ್ನು ನೋಡಲು ನೀರು ಇಳಿಯುವ ಹೊತ್ತು ಬೇಕು. ದಿನಕ್ಕೆ ಎರಡು ಬಾರಿ ಕಡಲು ಏರಿ ಇಳಿಯುತ್ತದೆ. ಹೊತ್ತು ದಿನವೂ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತವೂ ಹೆಚ್ಚು, ಏರಿಕೆಯೂ ಹೆಚ್ಚು. ದಿನ ಗೊತ್ತುಮಾಡುವ ಮೊದಲು ಅಲ್ಲಿನ ಮೀನುಗಾರರನ್ನು ಕೇಳುವುದು ಒಳ್ಳೆಯದು. ಪೇತ್ರನ ಕಸುಬಿನವರು ಅವರು.

ಚಿಪ್ಪಿನ ವಿಷಯ. ಒಮ್ಮೆ ನಮ್ಮ ಹುಡುಗನೊಬ್ಬ ಚೀಲ ತುಂಬ ಶಂಖ ಆರಿಸಿ ತಂದ. ಮಡಿಕೇರಿ ದಾಟುವಷ್ಟರಲ್ಲಿ ಬಸ್ಸೆಲ್ಲ ನಾತ. ಶಂಖಗಳೊಳಗೆ ಸನ್ಯಾಸಿ ಏಡಿಗಳು ಸತ್ತಿದ್ದವು. ಸ್ವಂತ ಚಿಪ್ಪಿಲ್ಲದ ಆ ಏಡಿಗೆ ಬರಿದಾದ ಶಂಖವೇ ಮನೆ. ಹುಡುಗ ಅತ್ತ, ಮೊದಲೇ ಹೇಳದಿದ್ದ ತಪ್ಪು ನನ್ನದು. ಸಂತ ಅಗಸ್ಟೀನರಿಗೆ ಕಡಲತೀರದಲ್ಲಿ ಸಿಕ್ಕ ಬಾಲಕನ ಕಥೆಯನ್ನು ಎಷ್ಟೋ ಪ್ರಸಂಗಗಳಲ್ಲಿ ಹೇಳಿದ್ದೇನೆ. ಅವನು ಚಿಪ್ಪಿನಿಂದ ನೀರು ಮೊಗೆದದ್ದುಂಟು, ಮನೆಗೆ ಹೊತ್ತೊಯ್ದನೆಂದು ಯಾರೂ ಹೇಳಿಲ್ಲ! ವಿಶ್ವಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಆ ಏಡಿಯೂ ಅದರ ಒಕ್ಕಲೇ.

ಇನ್ನು ನೀರಿಗಿಳಿಯುವ ಮಾತು. ಕೆರೆ, ನಾಲೆಗಳಲ್ಲಿ ಈಜು ಕಲಿತವನಿಗೂ ಕಡಲು ಬೇರೆಯೇ. ದಡಕ್ಕೆ ಬಡಿದ ನೀರು ಒಂದೇ ಕಡೆ ಕಾಲುವೆಯಂತೆ ಹಿಂದಕ್ಕೆ ಸೆಳೆಯುವುದುಂಟು; ಅಲ್ಲಿ ಅಲೆ ಕಡಿಮೆ, ನೋಡುವವರಿಗೆ ಶಾಂತವಾಗಿಯೇ ಕಾಣುತ್ತದೆ. ಆದ್ದರಿಂದ ಜೀವರಕ್ಷಕರಿಲ್ಲದ ಕಡೆ ಪಾದವೂ ನೆನೆಯಬಾರದು, ಇದ್ದಲ್ಲಿಯೂ ಮೊಣಕಾಲು ದಾಟಬಾರದು. ಹತ್ತು ಮಕ್ಕಳಿಗೆ ಒಬ್ಬ ಹಿರಿಯರು ಬೇಕು, ಅವರ ಮೊಬೈಲು ಚೀಲದಲ್ಲಿರಬೇಕು. ಹೊರಡುವ ಮುಂಚಿನ ಪೋಷಕರ ಸಭೆಯಲ್ಲಿ ಇಷ್ಟನ್ನು ಕೇಳಿ ಖಚಿತಪಡಿಸಿಕೊಂಡೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ.